‘ಹೌದು’ ಒತ್ತಿದವಳು ನಾನೇ

ಹೋದ ತಿಂಗಳು ನಾನು ಬದುಕಿರುವ ಹೆಂಗಸೊಬ್ಬಳ ಫೋಟೋಗೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಕೈಮುಗಿದು ನಿಂತೆ. ಕಣ್ಣೂ ಒರೆಸಿಕೊಂಡೆ.

ಅಷ್ಟರಲ್ಲಿ ಆಕೆಯೇ ಒಳಮನೆಯಿಂದ ಎಡೆಯ ತಟ್ಟೆ ಹಿಡಿದುಕೊಂಡು ಬಂದಳು. ಫೋಟೋ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು.

“ಟೀಚರಮ್ಮಾ, ಈಕಿ ನಾನಲ್ಲೇನ್ರೀ?” ಅಂದಳು.

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು. (ನಮ್ಮ ಕೂಡ್ಲಿಗಿ ಸೀಮೆಯ ಭೂಮಿ ಬಲು ಗಟ್ಟಿ. ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ.)

ಇರಿ, ಮೊದಲಿಂದ ಹೇಳುತ್ತೇನೆ. ಇಷ್ಟು ದಿನ ಈ ಅಂಕಣದಲ್ಲಿ ನೀವು ಓದಿದ್ದು ಬೇರೆಯವರ ಪೆದ್ದುತನ. ಅದರಲ್ಲಿ ಅರ್ಧ ಪಾಲು ನಮ್ಮ ಮನೆಯವರದು. ಈ ವಾರ ನನ್ನ ಸರದಿ.

ನನಗೆ ಫೋಟೋದ ಹುಚ್ಚು. ಕೊಟ್ಟೂರಿನಲ್ಲಿ ನಮ್ಮ ಬಳಗದ ಯಾವ ಮದುವೆ, ಸೀಮಂತ, ಗೃಹಪ್ರವೇಶ ಇದ್ದರೂ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಹೋಗುವವಳು ನಾನೇ. ತೆಗೆದದ್ದನ್ನೆಲ್ಲ ಮನೆಯ ಕಂಪ್ಯೂಟರಿಗೆ ಇಳಿಸಿ, ಫೋಟೋ ಜೋಡಿಸುವ ಒಂದು ಸಾಫ್ಟ್‌ವೇರ್‌ನಲ್ಲಿ ಇಡುತ್ತಿದ್ದೆ. ಹಳೆಯ ಕಾಲದ್ದು, ಸೀದಾಸಾದಾ. ಪ್ರತಿ ಮುಖದ ಸುತ್ತ ಒಂದು ಚೌಕ ಎಳೆಯಬೇಕು, ಕೆಳಗೆ ಹೆಸರು ಟೈಪ್ ಮಾಡಬೇಕು. ಅಷ್ಟೇ. ಭಾನುವಾರ ಊಟವಾದ ಮೇಲೆ ಕೂತರೆ ಸಂಜೆ ಚಹಾದವರೆಗೆ ನನಗೆ ಅದೇ ಕೆಲಸ.

ಬೀಗರ ಕಡೆಯಿಂದ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬ ಜಗಳ ನಿಮ್ಮ ಮನೆಯಲ್ಲೂ ಆಗುತ್ತದಲ್ಲ? ನಮ್ಮ ಬಳಗದಲ್ಲಿ ಅದಕ್ಕೆ ನನ್ನ ಕಂಪ್ಯೂಟರೇ ಕೋರ್ಟು. ಹರಪನಹಳ್ಳಿಯಿಂದ ನಾದಿನಿ ಫೋನ್ ಮಾಡಿ, “ಅತ್ತಿಗಿ, ಶಾಂತಕ್ಕ ಆವತ್ತು ಬಂದಿದ್ದಳಾ ಇಲ್ಲಾ, ನೋಡಿ ಹೇಳು” ಅನ್ನುವಳು. ಹೆಸರು ಹೊಡೆದರೆ ಸಾಕು, ಶಾಂತಕ್ಕ ಹೋಳಿಗೆ ತಿನ್ನುತ್ತಿರುವ ಸಾಕ್ಷಿ ಸಮೇತ ಸಿಗುತ್ತಿತ್ತು. ನನಗೆ ಎಷ್ಟು ಜಂಬ ಅಂತೀರಿ! ಶಾಲೆಯಲ್ಲೂ ನಾನು ಮಕ್ಕಳ ಹೆಸರು ಮರೆಯದ ಟೀಚರ್ ಎಂದೇ ಹೆಸರುವಾಸಿ.

ಈಗ ಆ ದರಿದ್ರ ಅಪ್‌ಗ್ರೇಡಿನ ಕಥೆ.

ಒಂದು ಭಾನುವಾರ ಕಂಪ್ಯೂಟರ್ ಆನ್ ಮಾಡಿದರೆ ನನ್ನ ಸಾಫ್ಟ್‌ವೇರ್ ನನ್ನದಾಗಿರಲಿಲ್ಲ. ತಾನೇ ಅಪ್‌ಗ್ರೇಡ್ ಆಗಿ ಕೂತಿತ್ತು. ಯಾರು ಕೇಳಿದ್ದರು? ವರ್ಷ, ಊರು, ಸಮಾರಂಭ ಅಂತ ನಾನು ಮಾಡಿಟ್ಟಿದ್ದ ಫೋಲ್ಡರುಗಳು ಮಾಯ. ಪರದೆಯ ತುಂಬ ದುಂಡು ದುಂಡು ಮುಖಗಳು. ಮುಖಗಳನ್ನು ತಾನೇ ಗುರುತು ಹಿಡಿಯುತ್ತದಂತೆ, ತಾನೇ ಗುಂಪು ಮಾಡುತ್ತದಂತೆ.

ಮಾಡಿಕೊಳ್ಳಲಿ ಬಿಡಿ. ಆದರೆ ಅದರ ಪ್ರಶ್ನೆಗಳು! ಎರಡು ಮುಖ ಅಕ್ಕಪಕ್ಕ ತೋರಿಸಿ, ‘ಇವರಿಬ್ಬರೂ ಒಬ್ಬರೇ ವ್ಯಕ್ತಿಯೇ?’ ಅನ್ನುವುದು. ಅದು ಮುಗಿದರೆ, ‘ಇವು ಒಂದೇ ರೀತಿಯ ಫೋಟೋಗಳು. ಒಂದನ್ನು ಇಟ್ಟುಕೊಂಡು ಉಳಿದವನ್ನು ಅಳಿಸಲೇ?’ ಅನ್ನುವುದು. ಒಂದಲ್ಲ, ಎರಡಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೆ. ನಾನು ಹೌದು, ಹೌದು, ಹೌದು ಅಂತ ಒತ್ತುತ್ತಾ ಹೋದೆ.

“ಹಳೇದ ಚೊಲೊ ಇತ್ತು ನೋಡ್ರಿ” ಅಂತ ನಮ್ಮ ಮನೆಯವರ ಮುಂದೆ ಗೊಣಗಿದೆ.

“ನನ್ನೊಬ್ನ ಬಿಟ್ಟು ಎಲ್ಲಾದಕ್ಕೂ ಅದ ಮಾತು ಅಂತೀ ನೀನು” ಅಂದರು ಅವರು, ಪೇಪರಿನಿಂದ ತಲೆ ಎತ್ತದೆ.

ಮೂರು ತಿಂಗಳು ಹಾಗೇ ಕಳೆಯಿತು. ಆಮೇಲೆ ಒಂದು ಸಂಜೆ ಫೋನು ಬಂತು.

“ಟೀಚರ್, ನಾನು ಗಂಗಮ್ಮ ರೀ. ದುರುಗಮ್ಮನ ಮಗಳು.”

“ಯಾವ ದುರುಗಮ್ಮ?” ಅಂದೆ.

“ನಿಮ್ಮನಿಗೆ ರೊಟ್ಟಿ ಬಡಿಯಾಕ ಬರ್ತಿದ್ಲಲ್ರೀ, ನಮ್ಮವ್ವ.”

“ಓ, ರೊಟ್ಟಿಯಾಕಿ!” ಅಂದೆ. ಅಂದದ್ದು ಕಿವಿಗೆ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನಮ್ಮ ಮನೆಗೆ ಪ್ರತಿ ಗುರುವಾರ ರೊಟ್ಟಿ ಬಡಿಯಲು ಒಬ್ಬ ಹೆಂಗಸು ಬರುತ್ತಾಳೆ. ಕೂಡ್ಲಿಗಿ ರಸ್ತೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದು, ಬಟ್ಟೆಯ ಮೇಲೆ ಆರಹಾಕಿ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾಳೆ. ಒಬ್ಬ ಹೆಂಗಸು ಅಂದೆನಲ್ಲ? ಅವರು ಇಬ್ಬರು. ಅಕ್ಕ ತಂಗಿ, ದುರುಗಮ್ಮ ಮತ್ತು ಓಬಮ್ಮ. ಒಬ್ಬಳಿಗೆ ಹೊಲದ ಕೆಲಸವಿದ್ದರೆ ಇನ್ನೊಬ್ಬಳು ಬರುತ್ತಿದ್ದಳು. ಗುರುವಾರ ಮಾತ್ರ ತಪ್ಪುತ್ತಿರಲಿಲ್ಲ. ಯಾರು ಬಂದರೂ ನಮ್ಮ ಮನೆಯಲ್ಲಿ, “ರೊಟ್ಟಿಯಾಕಿ ಬಂದ್ಲು” ಅಂತಲೇ ಹೇಳುತ್ತಿದ್ದೆವು. ಒಂಬತ್ತು ವರ್ಷ ಹೀಗೇ ನಡೆದಿತ್ತು.

ದುರುಗಮ್ಮ ತೀರಿಕೊಂಡಿದ್ದಳು. ಎದೆನೋವು ಅಂದಳಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳಂತೆ.

“ಹನ್ನೊಂದನೇ ದಿನಕ್ಕ ಎಡಿ ಇಡಾಕ ಅವ್ವಂದು ಒಂದು ಪೋಟೋ ಇಲ್ರೀ ಟೀಚರ್” ಅಂದಳು ಗಂಗಮ್ಮ. “ಆಧಾರ್ ಕಾರ್ಡಿಂದು ದೊಡ್ಡದು ಮಾಡ್ಸಿದ್ವಿ. ಅವ್ವ ಅಂತ ಗುರ್ತ ಹತ್ತವಲ್ದು. ನಿಮ್ಮ ಮಗಳ ಮದುವ್ಯಾಗ ಅವ್ವ ನಗೋದು ಒಂದು ಪೋಟೋ ತೆಗೆದಿದ್ರಂತಲ್ಲ. ಅವ್ವ ಭಾಳ ಸಲ ಹೇಳ್ತಿದ್ಲು, ಟೀಚರಮ್ಮನ ಕಂಪ್ಯೂಟರಿನ್ಯಾಗ ನಾನು ನಗಾಕತ್ತೀನಿ ಅಂತ.”

ನನಗೆ ಥಟ್ಟನೆ ನೆನಪಾಯಿತು. ಮಗಳ ಮದುವೆಯ ಹಿಂದಿನ ದಿನ, ಹಡಗಲಿಯ ಬೀಗರು ಬರುವ ಗಡಿಬಿಡಿಯಲ್ಲಿ, ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ ಅಕ್ಕತಂಗಿಯರು ರಾಶಿ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಮನೆಯವರು ಅಲ್ಲಿಗೆ ಹೋಗಿ, ‘ನಾನೂ ಬಡೀತೀನಿ’ ಅಂತ ಕೂತು, ಕರ್ನಾಟಕದ ನಕ್ಷೆಯಂಥ ಒಂದು ರೊಟ್ಟಿ ಮಾಡಿದ್ದರು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ನಾನು ಒಬ್ಬೊಬ್ಬರದೂ ಒಂದೊಂದು ಫೋಟೋ ತೆಗೆದು, ಅಲ್ಲೇ ಕ್ಯಾಮೆರಾದಲ್ಲಿ ತೋರಿಸಿದ್ದೆ. “ಟೀಚರಮ್ಮಾ, ಒಂದು ಕಾಪಿ ಹಾಕ್ಸಿ ಕೊಡ್ರಿ” ಅಂತ ಒಬ್ಬಳು ಆಮೇಲೂ ಮೂರ್ನಾಲ್ಕು ಸಲ ಕೇಳಿದ್ದಳು. “ಕೊಡ್ತೀನಿ ಬಿಡವ್ವಾ” ಅನ್ನುತ್ತಲೇ ಬಂದಿದ್ದೆ. ಕೇಳಿದವಳು ಅಕ್ಕನೋ ತಂಗಿಯೋ, ಅದೂ ನನಗೆ ನೆನಪಿಲ್ಲ.

“ಐತಿ ಗಂಗಮ್ಮ, ನಾನೇ ಚೌಕಟ್ಟು ಹಾಕಿಸಿ ತರ್ತೀನಿ” ಅಂದೆ. ಬದುಕಿದ್ದಾಗ ಕೊಡದ ಕಾಪಿಯನ್ನು ಈಗಾದರೂ ಕೊಡೋಣ ಅನ್ನಿಸಿತು.

ಕಂಪ್ಯೂಟರ್ ತೆಗೆದೆ. ಹೊಸ ವರ್ಷನ್‌ನಲ್ಲಿ ‘ರೊಟ್ಟಿಯಾಕಿ’ ಅಂತ ಒಂದು ದುಂಡು ಮುಖ. ಒತ್ತಿದರೆ ಒಂದಷ್ಟು ಫೋಟೋ. ಹೆಚ್ಚಿನವುಗಳಲ್ಲಿ ತಲೆ ಬಗ್ಗಿಸಿ ಒಲೆಯ ಮುಂದೆ ಕೂತ ಹೆಂಗಸು, ತಲೆಯ ಮೇಲೆ ಸೆರಗು. ನಗುವ ಫೋಟೋ ಒಂದೇ ಒಂದು ಇತ್ತು. ಗಂಗಮ್ಮ ನಗುವ ಫೋಟೋ ಅಂದಿದ್ದಳಲ್ಲ, ಹಾಗಾದರೆ ಇದೇ ದುರುಗಮ್ಮ! ಎರಡು ತೆಗೆದಿದ್ದೆನಲ್ಲ, ಇನ್ನೊಂದು ಎಲ್ಲಿ ಎಂಬ ಪ್ರಶ್ನೆ ಹೊಳೆಯಲೇ ಇಲ್ಲ. ಮುಖವನ್ನು ಎರಡೆರಡು ಸಲ ನೋಡಿದೆ. ಅಳುವೂ ಬಂತು. ಯಾರನ್ನು ನೋಡಿ ಅಳುತ್ತಿದ್ದೇನೆ ಅಂತ ಗೊತ್ತಿಲ್ಲದೆಯೇ ಅತ್ತೆ.

ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಪೇಪರ್ ಸುತ್ತಿಸಿಕೊಂಡು ನಾನೂ ನಮ್ಮ ಮನೆಯವರೂ ಸ್ಕೂಟರಿನಲ್ಲಿ ಆ ಹಳ್ಳಿಗೆ ಹೋದೆವು. ಹೆಂಗಸರೆಲ್ಲ ಒಳಗೆ ಅಡುಗೆಯಲ್ಲಿದ್ದರು. ಪಡಸಾಲೆಯಲ್ಲಿ ಕೂತಿದ್ದವರು ಹೊರಗಿನ ಊರಿನ ನೆಂಟರು. ಕುರ್ಚಿಯ ಮೇಲೆ ಫೋಟೋ ಇಟ್ಟು, ದೊಡ್ಡಸ್ತಿಕೆಯಿಂದ ನಾನೇ ಮೊದಲ ಹಾರ ಹಾಕಿದೆ. ಆಮೇಲೆ ಆಗಿದ್ದನ್ನು ಮೊದಲೇ ಹೇಳಿದ್ದೇನೆ. ಎಡೆಯ ತಟ್ಟೆ ಹಿಡಿದು ಬಂದವಳು ಓಬಮ್ಮ.

ಗಂಗಮ್ಮ ಓಡಿ ಬಂದಳು. ಫೋಟೋ ನೋಡಿ ಅವಳ ಮುಖ ಬಾಡಿದ್ದನ್ನು ನಾನು ಮರೆಯಲಾರೆ. ಅವ್ವನನ್ನು ಇನ್ನೊಂದು ಸಲ ನೋಡುತ್ತೇನೆ ಅಂತ ಬಂದಿದ್ದಳು ಆಕೆ.

ಮೊದಲು ಮಾತಾಡಿದವಳು ಓಬಮ್ಮನೇ. “ಆತು ಬಿಡ್ರಿ, ನನ್ ಆಯುಷ್ಯ ಹೆಚ್ಚಾತು” ಅಂತ ನಕ್ಕಳು. ನಕ್ಕವಳು ಹಾಗೇ ಗೋಡೆಗೊರಗಿ ಕೂತು, “ಅಕ್ಕಾ” ಅಂತ ಅಳತೊಡಗಿದಳು.

ಆಗ ನಾನು ಏನು ಮಾಡಿದೆ ಗೊತ್ತೇ? ತಪ್ಪಾಯಿತು ಅಂದೆನೇ? ಇಲ್ಲ. “ಕಂಪ್ಯೂಟರ್ ಅಪ್‌ಗ್ರೇಡ್ ಆಗಿ ಎಲ್ಲಾ ಕಲಸಿ ಹಾಕೇತಿ ನೋಡ್ರಿ. ಮುಖ ತಾನ ಗುರ್ತ ಹಿಡಿಯಾಕ ಹೋಗಿ ಹಿಂಗ ಮಾಡೇತಿ” ಅಂತ ಗಟ್ಟಿಯಾಗಿ ಹೇಳಿದೆ. ಎಲ್ಲರೂ ನಂಬಿದರು. ದುರುಗಮ್ಮನ ಮೈದುನ, ವಯಸ್ಸಾದವರು, “ಮಷೀನಿಗೇನ್ ಗೊತ್ತಾಗತೈತ್ರಿ ಮನಷ್ಯಾರ ಮಖ? ಟೀಚರಮ್ಮ ಏನ್ ಮಾಡ್ತಾರ?” ಅಂತ ನನ್ನ ಪರವಾಗಿಯೇ ಮಾತಾಡಿದರು. ನಮ್ಮ ಮನೆಯವರು ಮಾತ್ರ ನೆಲ ನೋಡುತ್ತಿದ್ದರು.

ಗಂಗಮ್ಮ ಹಾರ ತೆಗೆದಳು. ಕುರ್ಚಿಯ ಮೇಲೆ ಹಿತ್ತಾಳೆ ಚೊಂಬಿಟ್ಟು, ಅದಕ್ಕೆ ಒರಗಿಸಿ ಆಧಾರ್ ಕಾರ್ಡು ನಿಲ್ಲಿಸಿದಳು. ಅಷ್ಟು ಚಿಕ್ಕ ಕಾರ್ಡಿಗೆ ಹಾರ ನಿಲ್ಲುವುದೇ? ಹೂ ಬಿಡಿಸಿ ಸುತ್ತ ಇಟ್ಟಳು. ಎಡೆ ಆಯಿತು. ನಮಗೂ ಬಡಿಸಿದರು, ಉಂಡು ಬಂದೆವು. ಹೇಗೆ ಉಂಡೆ ಅಂತ ಕೇಳಬೇಡಿ.

ಮರುದಿನ ಸಿಟ್ಟೆಲ್ಲ ಕಂಪ್ಯೂಟರಿನ ಮೇಲೆ. ಈ ಹೊಸ ವರ್ಷನ್ ನನ್ನ ಮನೆಯಲ್ಲಿ ಇರಕೂಡದು ಅಂತ ಕಂಪ್ಯೂಟರ್ ಅಂಗಡಿಯ ವೀರಭದ್ರಪ್ಪನವರಿಗೆ ಫೋನ್ ಮಾಡಿದೆ. ಅವರು ಹಳೆಯದೆಲ್ಲವನ್ನೂ ಸಿಡಿಗಳಲ್ಲಿ ಉಪ್ಪಿನಕಾಯಿ ಹಾಕಿದಂತೆ ಕಾಪಿಡುವ ಮನುಷ್ಯ. ಹಳೇ ಸಾಫ್ಟ್‌ವೇರಿನ ಸಿಡಿ ತಂದರು, ಹೊಸದನ್ನು ಕಿತ್ತು ಹಾಕಿದರು, ಹಳೆಯದನ್ನು ಕೂರಿಸಿದರು.

“ನಿಮ್ಮ ಪುಣ್ಯ ಮೇಡಂ. ಹೊಸದು ಬರೋ ಮುಂದ ನಿಮ್ಮ ಹಳೇ ಪಟ್ಟಿದೊಂದು ನಕಲು ಇಟ್ಟಿತ್ತು. ನೀವು ಬರೆದಿದ್ದು ಹೆಂಗಿತ್ತೋ ಹಂಗ ಐತಿ ನೋಡ್ರಿ.”

ಹಾಗೇ ಇತ್ತು. ನನ್ನ ಫೋಲ್ಡರುಗಳು, ನನ್ನ ಚೌಕಗಳು, ನಾನು ಟೈಪ್ ಮಾಡಿದ ಹೆಸರುಗಳು. ಕಳೆದುಹೋದ ಎಮ್ಮೆ ಮನೆಗೆ ಬಂದಷ್ಟು ಸಂತೋಷವಾಯಿತು. ಮದುವೆಯ ಫೋಲ್ಡರು ತೆರೆದೆ.

ಬೀಗರ ಕಡೆಯ ಪ್ರತಿಯೊಬ್ಬರಿಗೂ ಹೆಸರಿತ್ತು. ಅವರ ಡ್ರೈವರಿಗೂ ಇತ್ತು. ನಾದಿನಿಯ ಮನೆಯ ನಾಯಿಗೂ ಚೌಕ ಎಳೆದು ‘ರಾಜಾ’ ಅಂತ ಬರೆದಿದ್ದೆ. ಪಕ್ಕದ ಫೋಲ್ಡರಿನಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಕೋಗಳಿಯ ಬಸದಿ ನೋಡಲು ಹೋಗಿದ್ದ ಫೋಟೋಗಳು. ಅಲ್ಲಿನ ಕಲ್ಲುಕಂಬಗಳಿಗೂ ‘ಎಡಗಡೆ ಒಂದನೇ ಕಂಬ, ಎರಡನೇ ಕಂಬ’ ಅಂತ ಬರೆದಿದ್ದೆ. ಹಿತ್ತಲ ಒಲೆಯ ಮುಂದೆ ತಲೆ ಬಗ್ಗಿಸಿ ಕೂತ ಇಬ್ಬರು ಹೆಂಗಸರ ಸುತ್ತ ಎರಡು ಚೌಕ. ಎರಡರ ಕೆಳಗೂ ‘ರೊಟ್ಟಿಯಾಕಿ’.

ಇಬ್ಬರಿಗೂ ಒಂದೇ ಬಣ್ಣದ ಸೀರೆ. ಅದೂ ನಾವೇ ಕೊಟ್ಟಿದ್ದು. ಮದುವೆಗೆ ಕೆಲಸದವರಿಗೆಲ್ಲ ಒಂದೇ ಥರದ್ದು ತರುವುದು ನಮ್ಮ ಕಡೆಯ ರೂಢಿಯಲ್ಲವೇ? ಆರಿಸುವ ತಾಪತ್ರಯ ಇರುವುದಿಲ್ಲ.

ಅದರ ಮುಂದೆ ಆ ನಗುವ ಫೋಟೋ, ಓಬಮ್ಮನದು. ಅದರ ಪಕ್ಕದಲ್ಲಿ ಬೂದು ಬಣ್ಣದ ಖಾಲಿ ಪೆಟ್ಟಿಗೆ. ‘ಫೈಲ್ ಸಿಗುತ್ತಿಲ್ಲ’ ಅಂತ ಬರೆದಿತ್ತು.

“ಇದು ಅಳಿಸಿ ಹೋಗೇತ್ರಿ ಮೇಡಂ” ಅಂದರು ವೀರಭದ್ರಪ್ಪ.

“ಹೊಸ ವರ್ಷನ್ ಅಳಿಸೇತೇನ್ರಿ?”

“ಅದು ಕೇಳ್ದ ಅಳಿಸಂಗಿಲ್ರಿ. ಯಾರೋ ಹೌದು ಅಂತ ಒತ್ತಿರಬೇಕು.”

ಆಗ ನನಗೆ ಎಲ್ಲವೂ ಹೊಳೆಯಿತು. ಅಕ್ಕತಂಗಿಯರ ಮುಖ ಅಕ್ಕಪಕ್ಕ ಇಟ್ಟು ಅದು ನನ್ನನ್ನು ಕೇಳಿತ್ತು, ‘ಇವರಿಬ್ಬರೂ ಒಬ್ಬರೇ ವ್ಯಕ್ತಿಯೇ?’ ಅಂತ. ಅದಕ್ಕೆ ಅನುಮಾನ ಇತ್ತು. ನಾನು ಹೌದು ಅಂದೆ. ಒಬ್ಬಳೇ ಅಂತಾದ ಮೇಲೆ, ಅದೇ ಒಲೆ, ಅದೇ ಸೀರೆ, ಅದೇ ನಗು, ಎರಡು ಫೋಟೋ ಯಾಕೆ? ಒಂದನ್ನು ಅಳಿಸಲೇ ಅಂತ ಮತ್ತೆ ಕೇಳಿತು. ನಾನು ಮತ್ತೆ ಹೌದು ಅಂದೆ. ಒಂಬತ್ತು ವರ್ಷ ಮನೆಗೆ ಬಂದವರನ್ನು ನೋಡಿದ ನನಗಿಂತ, ಒಂದೇ ದಿನ ನೋಡಿದ ಆ ಸಾಫ್ಟ್‌ವೇರೇ ಹೆಚ್ಚು ಎಚ್ಚರಿಕೆಯಿಂದ ನೋಡಿತ್ತು. ಅದನ್ನು ನಾನು ಊರ ಮುಂದೆ ಕಳ್ಳನನ್ನಾಗಿ ಮಾಡಿ ಬಂದಿದ್ದೆ.

ವೀರಭದ್ರಪ್ಪ ಎರಡು ತಾಸು ಕೂತು ಏನೇನೋ ಮಾಡಿ ನೋಡಿದರು. “ಆ ಜಾಗದ ಮ್ಯಾಲೆ ಬ್ಯಾರೆ ಬರ್ದು ಹೋಗೇತ್ರಿ. ಸಿಗಂಗಿಲ್ಲ” ಅಂದರು. ಹಳೇ ವರ್ಷನ್ ಬಂತು. ದುರುಗಮ್ಮನ ನಗು ಬರಲಿಲ್ಲ.

ಮುಂದಿನ ಗುರುವಾರ ಓಬಮ್ಮ ಬಂದಳು. ಬರಲಾರಳು ಅಂದುಕೊಂಡಿದ್ದೆ. ಎಂದಿನಂತೆ ಬಂದು, ಬಿಸಿನೀರು ಹಾಕಿ ಹಿಟ್ಟು ಕಲಸಿ, ನಾದತೊಡಗಿದಳು. ನನಗೆ ಅಡುಗೆಮನೆಗೆ ಕಾಲಿಡಲು ಧೈರ್ಯ ಸಾಲದು. ಕೊನೆಗೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ನಾನೇ ಒತ್ತಿದ್ದು, ನಾನೇ ಅಳಿಸಿದ್ದು, ಕಂಪ್ಯೂಟರಿನದೇನೂ ತಪ್ಪಿಲ್ಲ ಅಂತ.

ಆಕೆ ನಾದುವುದನ್ನು ನಿಲ್ಲಿಸಲಿಲ್ಲ. “ನನಗ ಆವತ್ತ ಗೊತ್ತಾಗಿತ್ತು ಬಿಡ್ರಿ” ಅಂದಳು.

“ಹೆಂಗ?”

“ಯಾವಾಗರ ಹೆಸ್ರು ಹಿಡಿದು ಕರದ್ರ, ನೀವು ನನಗ ದುರುಗವ್ವಾ ಅಂತಿದ್ರಿ, ಆಕಿಗೆ ಓಬವ್ವಾ ಅಂತ. ಮೊದ್ಲು ಮೊದ್ಲು ಹೇಳಿದ್ವಿ. ಆಮ್ಯಾಲೆ ಯಾರ ಹೆಸ್ರು ಕರದ್ರೂ ಓ ಅನ್ನೋದು ಅಂತ ಇಬ್ರೂ ಮಾತಾಡ್ಕಂಡಿದ್ವಿ.”

ಹಾಜರಿ ಪುಸ್ತಕ ನೋಡದೆಯೇ ಇಡೀ ತರಗತಿಯ ಹೆಸರು ಹೇಳುವ ಟೀಚರ್ ನಾನು.

“ಉಳಿದ ಫೋಟೋದಾಗ ನಿಮ್ಮಕ್ಕ ಯಾವಾಕಿ ಅಂತ ತೋರ್ಸವ್ವಾ” ಅಂತ ಕೇಳಿಕೊಂಡೆ. ಹಿಟ್ಟಿನ ಕೈ ಮೇಲೆತ್ತಿಕೊಂಡೇ ಕಂಪ್ಯೂಟರಿನ ಮುಂದೆ ಬಂದಳು. ನಾನು ಒಂದೊಂದೇ ಫೋಟೋ ತೆಗೆದೆ. ಸೆರಗು, ಬಗ್ಗಿದ ತಲೆ, ಹೊಗೆ. ನನ್ನ ಕಣ್ಣಿಗೆ ಎಲ್ಲ ಒಂದೇ. ಆಕೆ ಮೊಣಕೈಯಿಂದ ತೋರಿಸುತ್ತಾ ಹೋದಳು. “ಇದು ಅಕ್ಕ. ಇದು ನಾನು. ಇದು ಅಕ್ಕ. ಇದೂ ಅಕ್ಕ.”

“ಮುಖ ಕಾಣವಲ್ದಲ್ಲ, ಹೆಂಗ ಗೊತ್ತಾಗತೈತಿ ನಿನಗ?”

“ಮಖ ಯಾಕ್ರೀ? ಕೈ ನೋಡ್ರಿ. ಅಕ್ಕ ಎಡಚಿ. ಎಡಗೈಲೆ ಬಡೀತಾಳ.”

ಒಂಬತ್ತು ವರ್ಷ ಎಡಗೈಯಿಂದ ಬಡಿದ ರೊಟ್ಟಿ ತಿಂದಿದ್ದೇನೆ. ನನಗೆ ಗೊತ್ತಿರಲಿಲ್ಲ. ಫೋಟೋಗಳನ್ನು ಮತ್ತೆ ನೋಡಿದೆ. ಹೆಚ್ಚಿನವು ರೊಟ್ಟಿಯ ಫೋಟೋಗಳು. ಹಂಚಿನ ಮೇಲೆ ಪೂರಿಯಂತೆ ಉಬ್ಬಿದ ರೊಟ್ಟಿ ಚೆಂದ ಕಂಡಿತ್ತು, ತೆಗೆದಿದ್ದೆ. ಹೆಂಗಸು ಅಂಚಿನಲ್ಲಿ ಅಕಸ್ಮಾತ್ತಾಗಿ ಸಿಕ್ಕಿದ್ದಳು.

ಕೊನೆಗೆ ಓಬಮ್ಮನೇ ಒಂದನ್ನು ಆರಿಸಿದಳು. ದುರುಗಮ್ಮ ಪಕ್ಕಕ್ಕೆ ತಿರುಗಿ ಕೂತಿದ್ದಾಳೆ. ಸೆರಗಿನಲ್ಲಿ ಅರ್ಧ ಮುಖ ಮರೆ. ಎತ್ತಿದ ಎಡಗೈ ಮಾತ್ರ ಪೂರ್ತಿ ಕಾಣುತ್ತದೆ. ಆ ಚೌಕದ ಕೆಳಗಿನ ‘ರೊಟ್ಟಿಯಾಕಿ’ ಅಳಿಸಿ ‘ದುರುಗಮ್ಮ’ ಅಂತ ಬರೆದೆ. ಓಬಮ್ಮನ ಹೆಸರನ್ನೂ ಬರೆದೆ. ಆಕೆ ಓದಲು ಬಾರದವಳು. ಆದರೂ ಬರೆದು ಮುಗಿಯುವವರೆಗೆ ಪಕ್ಕದಲ್ಲೇ ನಿಂತಿದ್ದಳು.

ಆ ಭಾನುವಾರ ಫೋಟೋ ಹಿಡಿದುಕೊಂಡು ಗಂಗಮ್ಮನ ಮನೆಗೆ ಹೋದೆ. ಈ ಸಲ ಒಬ್ಬಳೇ, ಬಸ್ಸಿನಲ್ಲಿ. ಗಂಗಮ್ಮ ಪೇಪರ್ ಬಿಚ್ಚಿದಳು. ಒಂದು ಕ್ಷಣವೂ ಹಿಡಿಯಲಿಲ್ಲ. “ಅವ್ವ” ಅಂದಳು. ಗಾಜಿನ ಮೇಲೆ, ಆ ಕೈಯ ಮೇಲೆ, ಬೆರಳಾಡಿಸಿದಳು.

ಅಷ್ಟಕ್ಕೇ ಸುಮ್ಮನೆ ಬಂದುಬಿಡಬಹುದಿತ್ತು. ಬರಬೇಕು ಅಂತಲೂ ಅನ್ನಿಸಿತು. ಆದರೆ ಹೇಳಿದೆ. ಮಷೀನು ಕೇಳಿತ್ತು, ನಾನು ಹೌದು ಅಂದೆ, ಎರಡು ಸಲ ಅಂದೆ, ನಿಮ್ಮವ್ವ ನಗುವ ಫೋಟೋ ಇನ್ನು ಎಲ್ಲೂ ಇಲ್ಲ, ತಪ್ಪಾಯಿತು ಅಂದೆ. ಇದನ್ನು ಪೇಪರಿನಲ್ಲಿ ಬರೆಯುತ್ತೇನೆ, ಬೇಡ ಅಂದರೆ ಹೆಸರು ಬಿಡುತ್ತೇನೆ ಅಂತಲೂ ಹೇಳಿದೆ.

“ಬಿಡಬ್ಯಾಡ್ರಿ. ಹೆಸ್ರು ಹಾಕ್ರಿ” ಅಂದಳು ಗಂಗಮ್ಮ. ಸಿಟ್ಟಾಗಿ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ ಮೆಲ್ಲಗೆ ಕೇಳಿದಳು.

“ಟೀಚರ್, ಅವ್ವ ಊರ್ತುಂಬ ಹೇಳ್ಕಂತ ತಿರಗತಿದ್ಲು, ಕೊಟ್ಟೂರಾಗ ಟೀಚರಮ್ಮ ನನ್ನನ್ನ ಮನಿ ಮಗಳಂಗ ಇಟ್ಕೊಂಡಾರ ಅಂತ. ಹಂಗಾರ ಅವ್ವ ಹೇಳಿದ್ದು ಸುಳ್ಳೇನ್ರೀ?”

ಹತ್ತು ದಿನವಾಯಿತು, ನಾನಿನ್ನೂ ಉತ್ತರ ಕೊಟ್ಟಿಲ್ಲ.